ಪರದೇಶಿ ಆಟ ನೋಡಿದವರು

ಲಿಮರಿಕ್
13 ಜನವರಿ 1964

ಪ್ರೀತಿಯ ಅಕ್ಕ ಹನೋರಾಳಿಗೆ,

ನೀನು ಬಸ್ಸಿನವನ ಕೈಯಲ್ಲಿ ಕೊಟ್ಟು ಕಳಿಸಿದ ಸೋಡಾ ಬ್ರೆಡ್ಡು ಮುಕ್ಕಾಲು ಪಾಲಾಗಿ ತಲುಪಿತು. ಉಳಿದ ಕಾಲು ಪಾಲು ಯಾರ ಹೊಟ್ಟೆ ಸೇರಿತೆಂದು ನಾನು ಕೇಳಲಿಲ್ಲ, ಬಸ್ಸಿನವನೂ ಹೇಳಲಿಲ್ಲ.

ಶನಿವಾರ ಮತ್ತೆ ರಗ್ಬಿ ಮೈದಾನಕ್ಕೆ ಹೋಗಿದ್ದೆ. ಏನು ಮಾಡಲಿ, ಕರ್ತವ್ಯ. ನಮ್ಮ ಗೇಲಿಕ್ ಸಂಘಕ್ಕೆ ಸೇರಿದವನು ನಮ್ಮ ನಾಡಿನ ಗೇಲಿಕ್ ಫುಟ್ಬಾಲ್ ಆಡಬೇಕು, ರಗ್ಬಿಯಂಥ ಪರದೇಶಿ ಆಟ ಆಡಬಾರದು, ಆಡುವುದಿರಲಿ, ನಿಂತು ನೋಡಲೂ ಬಾರದು. ನೋಡಿದವನಿಗೆ ಅಮಾನತು. ಆದರೆ ನೋಡಿದವರನ್ನು ಹಿಡಿಯಬೇಕಾದರೆ ಯಾರೋ ಒಬ್ಬ ಅಲ್ಲಿ ನಿಲ್ಲಲೇಬೇಕಲ್ಲ. ಅದಕ್ಕೇ ಕಾವಲು ಸಮಿತಿ, ಅದಕ್ಕೇ ನಿನ್ನ ಈ ತಮ್ಮ. ಇಡೀ ಲಿಮರಿಕ್‌ನಲ್ಲಿ ಪಾಪ ಅಂಟದೆ ರಗ್ಬಿ ಮೈದಾನದಲ್ಲಿ ನಿಲ್ಲಬಲ್ಲ ಗೇಲಿಕ್ ಮನುಷ್ಯ ಎಂದರೆ ನಾನೇ. ಆಟಕ್ಕೆ ಬೆನ್ನು, ಜನಕ್ಕೆ ಮುಖ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಟೋಪಿಗಳ ಕೆಳಗಿನ ಮುಖಗಳನ್ನು ಹುಡುಕುವುದು ನನ್ನ ಕೆಲಸ.

ಆದರೂ ಒಮ್ಮೊಮ್ಮೆ ತಿರುಗಿ ನೋಡುವಂತಾಗುತ್ತದೆ. ಎಂಟು ಜನ ಈ ಕಡೆ, ಎಂಟು ಜನ ಆ ಕಡೆ, ತಲೆ ತಗ್ಗಿಸಿ ಒಬ್ಬರಿಗೊಬ್ಬರು ಭುಜ ಕೊಟ್ಟುಕೊಂಡು ನೂಕುತ್ತಾರೆ. ಮೈಯಿಂದ ಹಬೆ ಏಳುತ್ತದೆ. ಚೆಂಡು ಎಲ್ಲಿದೆಯೆಂದು ಅವರಿಗೂ ಗೊತ್ತಿಲ್ಲ, ನೋಡುವವರಿಗೂ ಗೊತ್ತಿಲ್ಲ. ಮೊನ್ನೆ ಆ ರಾಶಿಯೊಳಗಿಂದ ಒಬ್ಬ ಹೊರಗೆ ಬಂದ. ಕಿವಿ ಅರ್ಧ ಹರಿದು ನೇತಾಡುತ್ತಿತ್ತು. ಡಾಕ್ಟರು ಪಟ್ಟಿ ಸುತ್ತಿದರು, ಅವನು ಮತ್ತೆ ಒಳಗೆ ಹೋಗಿ ತಲೆ ತೂರಿಸಿದ! ನಾನು ಬಾಯಿಗೆ ಹಾಕಿಕೊಂಡಿದ್ದ ಬೇಯಿಸಿದ ಹಂದಿಕಾಲನ್ನು ಹಾಗೇ ಕೈಗೆ ಉಗುಳಿಕೊಂಡೆ. ಹಗಲೆಲ್ಲ ಹಂದಿ ಮಾಂಸದ ಕಾರ್ಖಾನೆಯಲ್ಲಿ ಕತ್ತಿ ಹಿಡಿದು ನಿಲ್ಲುವ ನನಗೇ ಹೀಗಾಯಿತು ನೋಡು. ಪಕ್ಕದಲ್ಲಿದ್ದ ಹಡಗುಕಟ್ಟೆಯ ಕೂಲಿಯವನು, "ಯಾಕಣ್ಣ, ಕಿವಿ ಎರಡಿದೆಯಲ್ಲ ಅವನಿಗೆ" ಎಂದು ನಕ್ಕ.

ನಿನ್ನ ಮಗ ಸೆನನ್‌ನನ್ನು ಕೇಳಿದೆನೆಂದು ಹೇಳು. ಈ ವರ್ಷ ಗೇಲಿಕ್ ಫುಟ್ಬಾಲಿನ ಜಿಲ್ಲಾ ಕಪ್ಪು ನಮ್ಮ ಕಿಲ್‌ಬ್ರಾನಿಗೆ ಬರದಿದ್ದರೆ ಸೋದರಮಾವ ಊರಿಗೆ ಕಾಲಿಡುವುದಿಲ್ಲ ಎಂದೂ ಹೇಳು.

ನಿನ್ನ ತಮ್ಮ,
ಟೈಗ್


ಕಿಲ್‌ಬ್ರಾನಿ
20 ಜನವರಿ 1964

ತಮ್ಮ ಟೈಗ್,

ಆಟಕ್ಕೆ ಬೆನ್ನು ಹಾಕಿ ನಿಂತವನಿಗೆ ಕಿವಿ ಹರಿದದ್ದು ಹೇಗೆ ಕಾಣಿಸಿತು? ಬೆನ್ನಿನಲ್ಲೂ ಕಣ್ಣಿರುವ ಮನುಷ್ಯನನ್ನು ಅಮ್ಮ ಹೆತ್ತದ್ದು ನನಗೆ ಗೊತ್ತಿರಲಿಲ್ಲ. ಆ ಹಂದಿಕಾಲಿನ ಮಾತು ಓದಿ ನನಗೆ ಊಟ ಸೇರಲಿಲ್ಲ. ಇನ್ನು ಮುಂದೆ ಇಂಥದ್ದನ್ನು ಬರೆಯಬೇಡ.

ನಮ್ಮಾಟದಲ್ಲೇನು ಮೊದಲು ಹಲ್ಲು ಉದುರುತ್ತಿರಲಿಲ್ಲವೇ ಎಂದು ನೀನು ಕೇಳಬಹುದು. ಉದುರುತ್ತಿದ್ದವು. ಚಹಾ ಡೇರೆಯಲ್ಲಿ ನಾನೇ ಉಪ್ಪುನೀರು ಕಾಯಿಸಿ ಕೊಡುತ್ತಿದ್ದೆನಲ್ಲ. ಆದರೆ ಅದೆಲ್ಲ ಬಯಲಿನಲ್ಲಿ ನಡೆಯುತ್ತಿತ್ತು. ಭುಜಕ್ಕೆ ಭುಜ ಕೊಟ್ಟರೆ ಕೊಟ್ಟವನ ಮುಖ ಎಲ್ಲರಿಗೂ ಕಾಣುತ್ತಿತ್ತು. ರಾಶಿಯ ಕೆಳಗೆ ಮುಖ ಮುಚ್ಚಿಕೊಂಡು ಕಚ್ಚುವುದಿಲ್ಲ ನಮ್ಮವರು. ನನ್ನ ಗಂಡ ಗ್ಯಾರೆಟ್ ಇದ್ದ ಕಾಲದಲ್ಲಿ ಎದುರಿನ ಗೋಲು ಕಾಯುವವನನ್ನು ಚೆಂಡಿನ ಸಮೇತ ಬಲೆಗೆ ನೂಕುವುದೇ ಭಾನುವಾರದ ಸೊಗಸು. ಈಗಿನ ಹುಡುಗರು ನೂಕಿದ ಮೇಲೆ ಕೈಹಿಡಿದು ಎಬ್ಬಿಸಿ, "ನೋವಾಯ್ತೇನೋ?" ಎಂದು ಕೇಳುತ್ತಾರೆ! ಅದೂ ಸಾಲದೆಂದು ಉತ್ತರದ ಜಿಲ್ಲೆಗಳ ತಂಡಗಳನ್ನು ನೋಡಿ ಕೈಯಿಂದ ಕೈಗೆ ಚೆಂಡು ದಾಟಿಸುವುದನ್ನು ಕಲಿಯುತ್ತಿದ್ದಾರೆ. ಮೈ ತಾಗಿಸದೆ ಓಡುವುದೇ ಈಗ ಜಾಣತನವಂತೆ. ನಮ್ಮೂರ ಸಂಘದ ಅಧ್ಯಕ್ಷರಾದ ಡಾಲ್ಟನ್ ಮಾಸ್ತರಿಗೆ ಇದನ್ನು ನೋಡಿದರೆ ರಕ್ತದೊತ್ತಡ ಏರುತ್ತದೆ. ನನಗೆ ಮಾತ್ರ ಒಳಗೊಳಗೇ ಖುಷಿ. ಮಗನನ್ನು ಹೆತ್ತವಳಿಗೆ ಓಡುವ ಆಟವೇ ಚೆಂದ.

ಸೆನನ್ ಎತ್ತರ ಬೆಳೆದಿದ್ದಾನೆ. ಆಕಾಶದಿಂದ ಇಳಿಯುವ ಚೆಂಡನ್ನು ಹಿಡಿಯುವುದರಲ್ಲಿ ಅವನಿಗೆ ಸಮನಿಲ್ಲ ಎಂದು ಮಾಸ್ತರೇ ಹೇಳುತ್ತಾರೆ. ಒಂದೇ ಚಿಂತೆ. ಪ್ರತಿ ಶನಿವಾರ ಬೆಸುಗೆ ಕೆಲಸ ಕಲಿಯಲು ನಿಮ್ಮೂರಿಗೆ ಹೋಗುತ್ತಾನೆ. ತಲೆ ತೊಳೆದುಕೊಂಡು ಬರುತ್ತಾನೆ. ಬೆಸುಗೆ ಕಲಿತವನು ತಲೆ ಯಾಕೆ ತೊಳೆದುಕೊಳ್ಳುತ್ತಾನೆ? ಹುಡುಗಿ ಇರಬೇಕು. ಕಣ್ಣಿಗೆ ಬಿದ್ದರೆ ಯಾರ ಮನೆಯವಳೆಂದು ವಿಚಾರಿಸು. ಹೇಗೂ ಜನರ ಮುಖ ನೋಡುವುದೇ ನಿನ್ನ ಉದ್ಯೋಗ.

ಅಕ್ಕ,
ಹನೋರಾ


ಲಿಮರಿಕ್
17 ಫೆಬ್ರವರಿ 1964

ಅಕ್ಕ,

ಹುಡುಗಿ ಯಾರೂ ಕಣ್ಣಿಗೆ ಬೀಳಲಿಲ್ಲ. ಬೇರೊಂದು ವಿಷಯ ಬರೆಯುತ್ತೇನೆ, ಸಮಾಧಾನವಾಗಿ ಓದು.

ಇಲ್ಲಿನ ರಗ್ಬಿ ತಂಡವೊಂದರಲ್ಲಿ ಎಲ್ಲರಿಗಿಂತ ಹಿಂದೆ ನಿಂತು ಆಡುವ ಒಬ್ಬನಿದ್ದಾನೆ. ಆಟಗಾರರ ಪಟ್ಟಿಯಲ್ಲಿ ಎಲ್ಲರ ಹೆಸರೂ ಅಚ್ಚಾಗಿರುತ್ತದೆ, ಇವನ ಜಾಗದಲ್ಲಿ ಮಾತ್ರ 'ಮತ್ತೊಬ್ಬ' ಎಂದಷ್ಟೇ ಇರುತ್ತದೆ. ಹಾಗೆ ಹಾಕಿದರೆಂದರೆ ಹೆಸರು ಹೇಳಿದರೆ ಕಷ್ಟವಾಗುವವನು ಎಂದು ಅರ್ಥ. ತಲೆಗೆ ಚರ್ಮದ ಟೋಪಿ ಬಿಗಿದಿರುತ್ತಾನೆ, ಮುಖವೆಲ್ಲ ಕೆಸರು.

ಮೊನ್ನೆ ಎದುರಾಳಿ ಚೆಂಡನ್ನು ಮುಗಿಲಿಗೆ ಒದ್ದ. ಅದು ಇಳಿಯುವ ಜಾಗಕ್ಕೆ ಎದುರು ತಂಡದ ಮೂವರು ದಾಂಡಿಗರು ಓಡಿಬರುತ್ತಿದ್ದರು. ರಗ್ಬಿಯವರು ಇಂಥ ಚೆಂಡನ್ನು ಕೂಸನ್ನು ಅಪ್ಪಿಕೊಂಡಂತೆ ಎದೆಗೆ ತೆಗೆದುಕೊಳ್ಳುತ್ತಾರೆ. ಇವನು ಹಾಗೆ ಮಾಡಲಿಲ್ಲ. ಎರಡು ಅಂಗೈಗಳನ್ನೂ ಒಮ್ಮೆ ಚಡ್ಡಿಯ ಹಿಂಭಾಗಕ್ಕೆ ಒರೆಸಿಕೊಂಡ, ಎಡಗಾಲಿನಿಂದ ನೆಗೆದು, ಬಲ ಮಂಡಿ ಎತ್ತಿ, ಮೂವರ ತಲೆಯ ಮೇಲೆ ಚೆಂಡನ್ನು ಬೆರಳ ತುದಿಯಲ್ಲಿ ಕಿತ್ತುಕೊಂಡ. ಮೈದಾನ ಉಸಿರು ಕಟ್ಟಿತು. ಡಾಕ್ಟರು, ವಕೀಲ, ಹಡಗುಕಟ್ಟೆಯ ಕೂಲಿ ಎಲ್ಲರೂ ಒಂದೇ ಹಗ್ಗಕ್ಕೆ ಒರಗಿ ನಿಂತಿದ್ದರು. ಮರುಕ್ಷಣ ಆ ಮೂವರೂ ಅವನ ಮೇಲೆ ಬಿದ್ದರು. ಸದ್ದು ನನಗೆ ಕೇಳಿಸಿತು ಅಕ್ಕ. ಎಂಟು ವರ್ಷದ ಹಿಂದೆ ನಾನು ಕಾವಲಿಗೆ ಬಂದಾಗ ರಗ್ಬಿಯಲ್ಲಿ ಇಷ್ಟು ಭಾರದವರು ಇಷ್ಟು ಜೋರಾಗಿ ಓಡುತ್ತಿರಲಿಲ್ಲ. ಅವನು ಎದ್ದ, ಮೂಗು ಒರೆಸಿಕೊಂಡ, ಆಡಿದ.

ಅಂಥ ಹಿಡಿತ ರಗ್ಬಿ ಶಾಲೆಯಲ್ಲಿ ಬರುವುದಿಲ್ಲ. ಅದು ನಮ್ಮಾಟ. ಅವನು ನಮ್ಮವನೇ. ಯಾರೆಂದು ಕಂಡುಹಿಡಿಯುವುದು ಕಾವಲಿನವನ ಧರ್ಮ, ಕಂಡುಹಿಡಿದರೆ ಬರೆದು ಕಳಿಸುವುದೂ ಧರ್ಮವೇ. ನನ್ನ ಕನ್ನಡಕ ಮಾತ್ರ ಈಚೆಗೆ ಸರಿಯಿಲ್ಲ. ಈಸ್ಟರ್ ಹೊತ್ತಿಗೆ ಇಲ್ಲಿನ ಆಟ ಮುಗಿಯುತ್ತದೆ. ಅವನಿಗೆ ಬುದ್ಧಿ ಹೇಳುವವರು ಯಾರಾದರೂ ಇದ್ದರೆ ಅಷ್ಟರೊಳಗೆ ಹೇಳಲಿ.

ಟೈಗ್


ಕಿಲ್‌ಬ್ರಾನಿ
20 ಏಪ್ರಿಲ್ 1964

ಟೈಗ್,

ಬರೆಯಲು ತಡವಾಯಿತು. ಅಂಗಡಿಯಲ್ಲಿ ಕೆಲಸ ಜಾಸ್ತಿ. ಹಿಟ್ಟು ಸರಿಯಾಗಿ ಬರುತ್ತಿಲ್ಲ. ಕೆಂಪು ಹಸು ಈದಿದೆ. ಮಳೆ ನಿಂತಿಲ್ಲ.

ಸೆನನ್ ಬೆಸುಗೆ ಕಲಿಯುವುದನ್ನು ಬಿಟ್ಟಿದ್ದಾನೆ. ಈಗ ಶನಿವಾರ ಮನೆಯಲ್ಲೇ ಇರುತ್ತಾನೆ. ಹೆಚ್ಚು ಮಾತಿಲ್ಲ.

ನಿನ್ನ ಕನ್ನಡಕ ಸರಿಯಾಯಿತೇ? ಅವಸರ ಮಾಡಬೇಡ. ಆ ಮನುಷ್ಯ, ಆ ಮತ್ತೊಬ್ಬ, ಅವನ ಹೆಸರು ಸಿಕ್ಕಿತೇ? ಯಾವ ತಾಯಿ ಹೆತ್ತ ಮಗನೋ ಪಾಪ. ಹೆಸರು ಬರೆದು ಕಳಿಸುವ ಮೊದಲು ಅವಳನ್ನು ಒಂದು ಸಲ ನೆನೆ.

ಹನೋರಾ


ಲಿಮರಿಕ್
4 ಮೇ 1964

ಅಕ್ಕ,

ಹೆಸರು ಸಿಕ್ಕಿಲ್ಲ. ಹುಡುಕುತ್ತಲೂ ಇಲ್ಲ, ಆಟದ ಕಾಲ ಮುಗಿಯಿತು. ಬೆಸುಗೆ ಬಿಟ್ಟದ್ದು ಒಳ್ಳೆಯದಾಯಿತು, ಆ ಕೆಲಸದಲ್ಲಿ ಕಣ್ಣಿಗೆ ಅಪಾಯ.

ಶನಿವಾರಗಳು ಬಹಳ ಉದ್ದವಾಗಿವೆ. ಬಾಡಿಗೆ ಮನೆಯ ಒಡತಿ ಮಿಸೆಸ್ ಪೈನ್, "ಏನ್ರೀ ಟೈಗ್, ಹೆಂಡ್ತಿ ತೌರಿಗೆ ಹೋದೋನ್ ಥರಾ ಕೂತಿದೀರಲ್ಲ!" ಎಂದು ಗೇಲಿ ಮಾಡುತ್ತಾಳೆ. ನಿನ್ನೆ ನಮ್ಮಾಟ ನೋಡಲು ಹೋದೆ. ಹುಡುಗರು ಚೆನ್ನಾಗಿ ಓಡಿದರು, ಯಾರೂ ಯಾರಿಗೂ ತಾಗಲಿಲ್ಲ. ಅರ್ಧ ಆಟದ ಹೊತ್ತಿಗೆ ನಾನು ಮೋಡ ನೋಡುತ್ತಿದ್ದೆ. ಇದನ್ನು ಮಾಸ್ತರಿಗೆ ಹೇಳಬೇಡ.

ನಿನ್ನ ಕಾಗದ ಯಾಕೋ ತಣ್ಣಗಿತ್ತು. ನನ್ನ ಮೇಲೆ ಸಿಟ್ಟೇ?

ಟೈಗ್


ಕಿಲ್‌ಬ್ರಾನಿ
16 ಅಕ್ಟೋಬರ್ 1964

ಟೈಗ್,

ಭಾನುವಾರ ರಾತ್ರಿಯೇ ನಿನಗೆ ಬರೆಯಲು ಕೂತಿದ್ದೆ, ಗೆದ್ದೆವು ಎಂದು. ಕುಣಿಯುವವರು ಅಂಗಡಿ ತುಂಬಿ ಬರೆಯಲಾಗಲಿಲ್ಲ. ಇವತ್ತು ಅಂಗಡಿಯ ಬಾಗಿಲು ಹಾಕಿಕೊಂಡು ಬರೆಯುತ್ತಿದ್ದೇನೆ. ಕಾರಣ ಬೇರೆ.

ಗೆದ್ದದ್ದು ಒಂದೇ ಪಾಯಿಂಟಿನಿಂದ. ಕೊನೆಯ ಪಂದ್ಯದಲ್ಲಿ ನಮಗೆದುರಾದ ಬಲ್ಲಿನಾರ್ಡಿನವರು ಕೊನೆಗೆ ಚೆಂಡಿನ ಮೇಲೆ ಚೆಂಡು ನಮ್ಮ ಗೋಲಿನ ಮುಂದೆ ಸುರಿದರು, ಸೆನನ್ ಒಂದೊಂದನ್ನೂ ಅವರ ತಲೆಯ ಮೇಲಿಂದ ಕಿತ್ತುಕೊಂಡ. ಒಬ್ಬ ಬಂದು ಅವನಿಗೆ ಭುಜ ಕೊಟ್ಟ ಏಟು ನೋಡಿ ನನ್ನ ಕೈಯಲ್ಲಿದ್ದ ಕೆಟಲು ಬಿತ್ತು. ಸೆನನ್ ಬೀಳಲಿಲ್ಲ. ನಾನು ಹುಟ್ಟುವ ಮೊದಲು ಒಮ್ಮೆ ಬಂದಿದ್ದ ಕಪ್ಪು ಈಗ ನನ್ನ ಅಂಗಡಿಯ ಕಿಟಕಿಯಲ್ಲಿ, ಚಹಾ ಡಬ್ಬಿಗಳ ನಡುವೆ ಇದೆ. ಮುದುಕರು ಬಂದು ಮುಟ್ಟಿ ಹೋಗುತ್ತಿದ್ದಾರೆ.

ನಿನ್ನೆ ಡಾಲ್ಟನ್ ಮಾಸ್ತರು ಮುಖ ಬಿಳಿಚಿಕೊಂಡು ಒಳಗೆ ಬಂದರು. "ಹನೋರಾ, ಬಾಗ್ಲು ಹಾಕು" ಎಂದರು. ಬಲ್ಲಿನಾರ್ಡಿನವರು ಸಂಘದ ಜಿಲ್ಲಾ ಮಂಡಳಿಗೆ ಆಕ್ಷೇಪಣೆ ಕೊಟ್ಟಿದ್ದಾರೆ. ಸೋತವರು ಆಕ್ಷೇಪಣೆ ಕೊಡುವುದು ಹೊಸದೇನಲ್ಲ. ಇದರಲ್ಲಿ ಬರೆದಿರುವುದು ಮಾತ್ರ ಹೊಸದು. ಫೆಬ್ರವರಿ ಹದಿನೈದರ ಶನಿವಾರ ಸೆನನ್ ಹಾರ್ಟ್‌ನೆಟ್ ಲಿಮರಿಕ್‌ನಲ್ಲಿ ಹೆಸರು ಮರೆಸಿ ರಗ್ಬಿ ಆಡಿದ್ದಾನೆ, ಅಂಥವನನ್ನು ಇಟ್ಟುಕೊಂಡು ಗೆದ್ದ ಕಪ್ಪು ತಮಗೆ ಸೇರಬೇಕು ಎಂದು.

"ಸುಳ್ಳು ಕಣೇ ಇದು. ಹೊಟ್ಟೆಕಿಚ್ಚು" ಎಂದರು ಮಾಸ್ತರು. ನಾನು ತಲೆಯಾಡಿಸಿದೆ.

ಟೈಗ್, ಆ ದಿನದ ವಿಷಯ ನೀನು ಬರೆದಿದ್ದ ಕಾಗದ ಓದಿದ ಕ್ಷಣವೇ ನನಗೆ ಗೊತ್ತಾಯಿತು. ಅಂಗೈ ಒರೆಸಿಕೊಂಡು ಎಡಗಾಲಿನಿಂದ ನೆಗೆಯುವುದು ಗ್ಯಾರೆಟ್‌ನ ಹಿಡಿತ. ಅಪ್ಪ ಸತ್ತಾಗ ಐದು ವರ್ಷದವನಾಗಿದ್ದ ಮಗನಿಗೆ ಅದು ಯಾರೂ ಕಲಿಸದೆ ಬಂತು. ಸೆನನ್‌ನನ್ನು ಕೇಳಿದೆ. ಅವನು ಸುಳ್ಳು ಹೇಳಲಿಲ್ಲ. "ಅಮ್ಮಾ, ಅಲ್ಲಿ ಚೆಂಡು ಹಿಡಿದ್ರೆ ಅದು ನಂದು. ಬಂದು ಬೀಳ್ತಾರೆ, ಆದ್ರೂ ನಂದೇ. ನಿಂಗ್ ಹೇಳಕ್ ಬರಲ್ಲ ನಂಗೆ" ಎಂದ. ಬಿಡು ಎಂದೆ, ಬಿಟ್ಟ. ನಿನಗೆ ಹೇಳಲಿಲ್ಲ, ಯಾಕೆಂದರೆ ನೀನು ನೀನೇ. ತಪ್ಪು ಕಂಡರೆ ಹೆತ್ತಮ್ಮನನ್ನೂ ಬರೆದು ಕಳಿಸುವವನು.

ಈಗ ಕೇಳು. ಅವನು ಆಡಿದ್ದನ್ನು ಕಂಡವರು ಬಲ್ಲಿನಾರ್ಡಿನಲ್ಲಿ ಇಬ್ಬರಿದ್ದಾರಂತೆ. ಅವರು ಬಾಯಿ ಬಿಡುವಂತಿಲ್ಲ, ಬಿಟ್ಟರೆ ತಾವೂ ರಗ್ಬಿ ನೋಡಲು ಹೋಗಿದ್ದೆವೆಂದು ಒಪ್ಪಿಕೊಂಡಂತೆ. ಅದಕ್ಕೇ ಆಕ್ಷೇಪಣೆಯಲ್ಲಿ ಬರೆದಿರುವ ಸಾಕ್ಷಿ ಒಬ್ಬನೇ. ಕಾವಲು ಸಮಿತಿಯ ಟೈಗ್ ಕಲ್‌ಹೇನ್, ಆ ದಿನ ಹಗ್ಗದ ಪಕ್ಕ ನಿಂತಿದ್ದವನು. ವಿಚಾರಣೆ ಮುಂದಿನ ಶುಕ್ರವಾರ.

ಸೆನನ್ ಅಮಾನತಾದರೆ ಈ ಊರಿನಲ್ಲಿ ಅವನಿಗೆ ಯಾರೂ ಕೆಲಸ ಕೊಡುವುದಿಲ್ಲ, ಯಾರೂ ಪಕ್ಕದಲ್ಲಿ ಕೂರುವುದಿಲ್ಲ. ಕಪ್ಪು ಕಳೆದವನ ಮನೆ ಎಂದು ನನ್ನ ಅಂಗಡಿಗೆ ಹೆಸರು ಬರುತ್ತದೆ. ನಾನು ನೋಡಲಿಲ್ಲ ಎಂದು ಒಂದು ಮಾತು ಹೇಳು. ನಿನ್ನ ಕಾಲಿಗೆ ಬೀಳುತ್ತೇನೆ.

ಹನೋರಾ


ಲಿಮರಿಕ್
19 ಅಕ್ಟೋಬರ್ 1964

ಅಕ್ಕ,

ನಾನು ಸುಳ್ಳು ಹೇಳುವುದಿಲ್ಲ. ಕೇಳಬೇಡ. ಸೆನನ್ ಬಾಯಿ ಮುಚ್ಚಿಕೊಂಡಿರಲಿ. ನೀನೂ ಯಾವ ಕಾಗದಕ್ಕೂ ಸಹಿ ಹಾಕಬೇಡ, ಯಾರು ಬಂದು ಕೇಳಿದರೂ ಸರಿ, ಪಾದ್ರಿಗಳೇ ಬಂದರೂ ಸರಿ.

ಟೈಗ್


ಲಿಮರಿಕ್
24 ಅಕ್ಟೋಬರ್ 1964

ಅಕ್ಕ,

ನಿನ್ನೆ ನಡೆದದ್ದನ್ನು ಬೇರೆಯವರ ಬಾಯಿಂದ ಕೇಳಿರುತ್ತೀಯ. ನನ್ನ ಬಾಯಿಂದಲೂ ಕೇಳು.

ಸಭೆ ತುಂಬಿತ್ತು. ನಮ್ಮೂರಿನವರು ಒಂದು ಗೋಡೆಗೆ, ಬಲ್ಲಿನಾರ್ಡಿನವರು ಇನ್ನೊಂದು ಗೋಡೆಗೆ. ಮಂಡಳಿಯ ಅಧ್ಯಕ್ಷರು ಹೊಸಬರು, ಶಾಂತ ಮನುಷ್ಯ. ಮೊದಲು ಒಂದು ಕಾಗದ ಎತ್ತಿಕೊಂಡು ಓದಿದರು. 'ಫೆಬ್ರವರಿ ಹದಿನೈದರಂದು ನನ್ನ ಮಗ ಸೆನನ್ ಬೆಳಗಿನಿಂದ ಸಂಜೆಯವರೆಗೆ ಮನೆಯಲ್ಲೇ ಇದ್ದು ಕೋಳಿಗೂಡಿನ ಚಾವಣಿ ರಿಪೇರಿ ಮಾಡಿದನು. ದೇವರ ಮೇಲೆ ಆಣೆ ಮಾಡಿ ಹೇಳುತ್ತೇನೆ. ಹನೋರಾ ಹಾರ್ಟ್‌ನೆಟ್.' ಕೆಳಗೆ ಪಾದ್ರಿಗಳ ಸಹಿಯೂ ಇತ್ತು.

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಅಕ್ಕ, ಅದು ನೀನೇ ಏನು? ಚಿಕ್ಕಂದಿನಲ್ಲಿ ಒಂದು ಸಕ್ಕರೆ ಉಂಡೆ ಕದ್ದದ್ದಕ್ಕೆ ನನ್ನನ್ನು ಎಳೆದುಕೊಂಡು ಹೋಗಿ ಅಂಗಡಿಯವನ ಮುಂದೆ ನಿಲ್ಲಿಸಿದ್ದವಳು ನೀನು. ಈಗ ನಾನು ಕಂಡದ್ದನ್ನು ಹೇಳಿದರೆ ಹೋಗುವುದು ಸೆನನ್‌ನ ಮಾನ ಮಾತ್ರವಲ್ಲ, ನಿನ್ನದೂ ಹೋಗುತ್ತದೆ.

"ಟೈಗ್ ಕಲ್‌ಹೇನ್ ಅವ್ರೇ, ಆ ಶನಿವಾರ ರಗ್ಬಿ ಮೈದಾನದಲ್ಲಿ ಇದ್ರಾ?" ಎಂದರು ಅಧ್ಯಕ್ಷರು.

"ಇದ್ದೆ" ಎಂದೆ.

"ಕಾವಲು ಸಮಿತಿ ಪರವಾಗಿ."

"ಅಲ್ಲ ಸ್ವಾಮಿ."

"ಅಲ್ಲ ಅಂದ್ರೆ?"

"ಅಷ್ಟೊತ್ತಿಗೆ ನನ್ ನೇಮಕ ಮುಗ್ದು ಎರಡು ವರ್ಷ ಆಗಿತ್ತು. ಅರವತ್ತೆರಡರ ಜನವರಿ ಸಭೇಲಿ ಮುಂದುವರೀತೀರಾ ಅಂತ ಕೇಳಿದ್ರು, ಬೇಡ ಅಂದೆ. ಗಲಾಟೇಲಿ ಯಾರ್ಗೂ ಕೇಳ್ಸ್ಲಿಲ್ಲ. ಕಾರ್ಯದರ್ಶಿಗಳು ಬರ್ಕೊಂಡಿದಾರೆ, ಕೇಳಿ ನೋಡಿ. ನನ್ ಜಾಗಕ್ಕೆ ಯಾರೂ ಬರ್ಲಿಲ್ಲ, ಚಳೀಲಿ ನಿಲ್ಲೋದು ಯಾರಿಗ್ ಬೇಕು?"

ಕಾರ್ಯದರ್ಶಿ ಪುಟ ತಿರುವಿ ನೋಡಿ ತಲೆಯಾಡಿಸಿದರು.

"ಮತ್ತೆ ಎರಡು ಚಳಿಗಾಲ ಅಲ್ಲಿ ಏನ್ಮಾಡ್ತಿದ್ರಿ?" ಎಂದರು ಅಧ್ಯಕ್ಷರು.

"ಆಟ ನೋಡ್ತಿದ್ದೆ. ಚೆನ್ನಾಗಿತ್ತು, ನೋಡ್ದೆ."

ಗೋಡೆಗಳೆರಡೂ ಒಟ್ಟಿಗೆ ಕೂಗಿದವು. "ಥೂ, ದ್ರೋಹಿ!" ಎಂದು ಮೊದಲು ಉಗಿದವರು ನಮ್ಮ ಡಾಲ್ಟನ್ ಮಾಸ್ತರೇ. ಬಲ್ಲಿನಾರ್ಡಿನ ವಕೀಲ ಎದ್ದು, "ಅದೆಲ್ಲ ಇರ್ಲಿ, ಸೆನನ್‌ನ ನೋಡಿದ್ರೋ ಇಲ್ವೋ ಅಷ್ಟ್ ಹೇಳಿ" ಎಂದ. ನಾನು ಅಧ್ಯಕ್ಷರ ಕಡೆ ತಿರುಗಿದೆ. "ಸ್ವಾಮಿ, ನಾನು ನಿಯಮ ಮುರಿದೋನು. ನಿಯಮ ಮುರಿದು ಕಂಡಿದ್ದು ಈ ಸಭೇಲಿ ಸಲ್ಲುತ್ತಾ? ಸಲ್ಲೋದಾದ್ರೆ ಬಲ್ಲಿನಾರ್ಡಿನಲ್ಲೂ ಕಂಡೋರು ಇಬ್ರಿದಾರಂತೆ, ಅವ್ರನ್ನೂ ಕರೀರಿ" ಎಂದೆ. ಆ ಗೋಡೆಯ ಕಡೆ ಎರಡು ಟೋಪಿ ಕೆಳಗಿಳಿದವು. ಅಧ್ಯಕ್ಷರು ನಿಯಮದ ಪುಸ್ತಕ ತೆಗೆದು ನೋಡಿ, ಸಲ್ಲುವುದಿಲ್ಲ ಎಂದರು. ಆಕ್ಷೇಪಣೆ ಬಿತ್ತು. ಕಪ್ಪು ನಿಮ್ಮದೇ. ನನಗೆ ಅಮಾನತು. ಇನ್ನು ಯಾವ ಗೇಲಿಕ್ ಮೈದಾನಕ್ಕೂ ಕಾಲಿಡುವಂತಿಲ್ಲ.

ನಾನು ಸುಳ್ಳು ಹೇಳಿ ಮಗನನ್ನು ಉಳಿಸಿದೆನೆಂದು ನೀನು ಅಂದುಕೊಂಡರೆ ತಪ್ಪು. ಮಂಡಳಿಗೆ ಒಂದಕ್ಷರ ಸುಳ್ಳು ಹೇಳಿಲ್ಲ. ಸುಳ್ಳು ಹೇಳಿದ್ದು ನಿನಗೆ ಮಾತ್ರ, ಎರಡು ವರ್ಷ. ಕರ್ತವ್ಯ, ಕಾವಲು ಎಂದು ಬರೆದದ್ದೆಲ್ಲ ಬೊಗಳೆ. ಆ ನೂಕಾಟ, ಆ ಹಬೆ, ಒದೆಯುವವನು ಚೆಂಡಿಟ್ಟು ಹಿಂದೆ ಸರಿದಾಗ ಸಾವಿರ ಜನ ಉಸಿರು ಹಿಡಿಯುವುದು, ಇವೆಲ್ಲ ನನಗೆ ಹಿಡಿಸಿಬಿಟ್ಟವು. ಹಿಡಿಸಿದ ಮೇಲೆ ಕಾವಲಿನ ನೆಪದಲ್ಲಿ ನಿಲ್ಲಲು ನಾಚಿಕೆಯಾಯಿತು. ನೇಮಕ ಬಿಟ್ಟೆ, ಆಟ ಬಿಡಲಾಗಲಿಲ್ಲ.

ಇನ್ನೊಂದು ಮಾತು. ಮಗುವಾಗಿದ್ದಾಗಿನಿಂದ ಎತ್ತಿ ಆಡಿಸಿದ ಹುಡುಗನನ್ನು ಒಂದು ಚರ್ಮದ ಟೋಪಿ ನನ್ನಿಂದ ಮುಚ್ಚಿಡಬಲ್ಲುದೇ? ಮೊದಲ ದಿನವೇ ಗುರುತು ಹಿಡಿದೆ. ನಿನಗೆ ತಿಳಿಯಲಿ, ನೀನು ಅವನನ್ನು ತಡೆಯಲಿ ಎಂದೇ ಅಷ್ಟು ಬಿಡಿಸಿ ಬರೆದೆ. ಹೆಸರು ಬರೆದರೆ ಮುಂದೊಂದು ದಿನ ಯಾರದೋ ಕೈಗೆ ಕಾಗದ ಸಿಕ್ಕಬಹುದು ಎಂದು ಬರೆಯಲಿಲ್ಲ. ನೀನು ಅದನ್ನು ಬೆದರಿಕೆ ಎಂದು ಓದಿಕೊಂಡೆ. ನಾನು ಅಂಥವನೆಂದು ನಿನಗೆ ಅನ್ನಿಸಿತಲ್ಲ, ನಿನ್ನೆ ಮಾಸ್ತರು ಉಗಿದದ್ದಕ್ಕಿಂತ ಅದೇ ಹೆಚ್ಚು ನೋಯುತ್ತಿದೆ.

ಸೆನನ್‌ಗೆ ಹೇಳು, ಬಾಯಿ ಬಿಡಬಾರದು. ನನಗೆ ಮಕ್ಕಳಿಲ್ಲ, ತಂಡವಿಲ್ಲ, ಹೋದದ್ದು ನನ್ನ ಹೆಸರು ಮಾತ್ರ.

ಟೈಗ್


ಕಿಲ್‌ಬ್ರಾನಿ
2 ನವೆಂಬರ್ 1964

ಟೈಗ್,

ನಿನ್ನ ಕಾಗದ ಕಳೆದ ಸೋಮವಾರ ಬಂತು. ಸೋಮವಾರ ಬಂದು ಏನು ಪ್ರಯೋಜನ?

ಶುಕ್ರವಾರ ರಾತ್ರಿಯೇ ನಮ್ಮವರು ಲಾರಿಯಲ್ಲಿ ಹಾಡಿಕೊಂಡು ಬಂದರು. ಕಪ್ಪು ಉಳಿಯಿತೆಂದು ನನ್ನ ಅಂಗಡಿಯ ಮುಂದೆ ಕುಣಿದರು. ಆಮೇಲೆ ನಿನ್ನ ಸರದಿ ಬಂತು. "ಬೇಲೀನೇ ಹೊಲ ಮೇಯ್ತಲ್ರೋ!" ಎಂದು ಒಬ್ಬ ಕೂಗಿದರೆ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನೀನು ತಲೆತಗ್ಗಿಸಿ ಸಭೆಯಿಂದ ಹೊರಗೆ ನಡೆದದ್ದನ್ನು ನಟಿಸಿ ತೋರಿಸಿದರು. ನನ್ನ ತಮ್ಮ, ಹೆತ್ತಮ್ಮನನ್ನೂ ಬಿಡದವನು, ರಗ್ಬಿಯ ಹುಚ್ಚಿಗೆ ಬಿದ್ದಿದ್ದನೇ! ಆ ಕ್ಷಣಕ್ಕೆ ನನಗೆ ಸಮಾಧಾನವಾಗಲಿಲ್ಲ, ಕೃತಜ್ಞತೆಯೂ ಬರಲಿಲ್ಲ. ಬರೀ ದಿಗ್ಭ್ರಮೆ. ನೀನು ಎರಡು ವರ್ಷ ನನಗೆ ಮುಚ್ಚಿಟ್ಟೆಯಲ್ಲ ಎಂದು ಸಿಟ್ಟು. ನಾನೂ ನಿನಗೆ ಎಂಟು ತಿಂಗಳು ಮುಚ್ಚಿಟ್ಟವಳೇ ಎಂಬುದು ಆಮೇಲೆ ನೆನಪಾಯಿತು.

ಸೆನನ್ ಬಾಗಿಲಲ್ಲಿ ನಿಂತು ಎಲ್ಲ ನೋಡಿದ. ಶನಿವಾರ ಬೆಳಗ್ಗೆ ಚಹಾ ಕುಡಿಯದೆ ಸೈಕಲ್ ಹತ್ತಿದ. ನೇರ ಮಂಡಳಿಯ ಅಧ್ಯಕ್ಷರ ಮನೆಗೆ ಹೋಗಿ, "ಆ 'ಮತ್ತೊಬ್ಬ' ನಾನೇ. ಮಾವ ನನ್ನ ಹೆಸ್ರು ಹೇಳ್ಬಾರ್ದು ಅಂತ ತನ್ನ ಹೆಸ್ರು ಕಳ್ಕೊಂಡ. ಅದು ನಂಗೆ ಬೇಡ" ಎಂದನಂತೆ. ಅಧ್ಯಕ್ಷರು ಅವನನ್ನು ಕೂರಿಸಿ, "ಯೋಚ್ನೆ ಮಾಡು ಮಗಾ, ನಾನ್ ಕೇಳಿಸ್ಕೊಂಡಿಲ್ಲ ಅಂತ ಇಟ್ಕೊಳೋಣ" ಎಂದರಂತೆ. ಇವನು ಕೂರಲಿಲ್ಲ. ಬರೆದು ಸಹಿ ಹಾಕಿ ಕೊಟ್ಟು ಬಂದ. ನೀನು ಬಾಯಿ ಬಿಡಬೇಡ ಎಂದು ಬರೆಯುತ್ತಿದ್ದ ಹೊತ್ತಿನಲ್ಲೇ ಅವನು ಬಾಯಿ ಬಿಟ್ಟಾಗಿತ್ತು.

ಬುಧವಾರ ಬಲ್ಲಿನಾರ್ಡಿನವರು ಕಪ್ಪು ಒಯ್ಯಲು ಬಂದರು. ಬೀದಿಯಲ್ಲಿ ಇಡೀ ಊರು ನಿಂತಿತ್ತು. ಚಹಾ ಡಬ್ಬಿಗಳ ನಡುವಿನಿಂದ ಕಪ್ಪನ್ನು ನಾನೇ ತೆಗೆದು ಒರೆಸಿ ಕೊಟ್ಟೆ. ಅವರ ನಾಯಕ ಹುಡುಗ ನನ್ನ ಮುಖ ನೋಡಲಾರದೆ, "ಕ್ಷಮ್ಸಿ ಅಮ್ಮ" ಎಂದ. ನಮ್ಮವರು ಅಷ್ಟೂ ಹೇಳಲಿಲ್ಲ. ಅಂದಿನಿಂದ ಅಂಗಡಿಗೆ ಬರುವವರು ಇಲ್ಲ. ಸೆನನ್‌ಗೆ ಅಮಾನತು, ಮರ ಕೊಯ್ಯುವ ಕಾರ್ಖಾನೆಯಲ್ಲಿದ್ದ ಕೆಲಸವೂ ಹೋಯಿತು. ಅವನು ನನ್ನನ್ನು ಕೇಳಿದ್ದು ಒಂದೇ. "ಅಮ್ಮಾ, ದೇವ್ರ ಮೇಲೆ ಆಣೆ ಯಾಕ್ ಮಾಡ್ದೆ?" ನಿನ್ನ ಕಾಗದ, ಸಹಿ ಹಾಕಬೇಡ ಎಂದದ್ದು, ನಾನು ಸಹಿ ಹಾಕಿದ ಮರುದಿನ ಬಂದಿತ್ತು.

ನಿನ್ನೆ ಚರ್ಚಿನಲ್ಲಿ ಪೂಜೆ ಮುಗಿದ ಮೇಲೆ ಡಾಲ್ಟನ್ ಮಾಸ್ತರು ಎಲ್ಲರ ಎದುರು ನನ್ನನ್ನು ತಡೆದರು. "ಹನೋರಾ, ಸುಳ್ಳು ಆಣೆ ಮಾಡಿ ಸಂಘದ ಮರ್ಯಾದೆ ತೆಗ್ದೆ. ನಿನ್ನ ತಮ್ಮ ಆಯ್ತು, ಮಗ ಆಯ್ತು, ಈಗ ನಿಂಗೂ ಅಮಾನತು. ಮುಂದಿನ ಸಭೇಲಿ ಪಾಸ್ ಮಾಡ್ತೀವಿ" ಎಂದರು.

ಟೈಗ್, ನನಗೆ ಅಳು ಬರಬೇಕಿತ್ತು. ಬರಲಿಲ್ಲ.

"ಮಾಸ್ತರೇ, ಯಾವುದರಿಂದ ಅಮಾನತು ಮಾಡ್ತೀರಿ?" ಎಂದೆ. "ಮೂವತ್ತು ವರ್ಷ ನಿಮಗೆ ಚಹಾ ಕಾಯ್ಸಿದೀನಿ, ಹುಡುಗ್ರ ಅಂಗಿ ಒಗ್ದಿದೀನಿ, ಅವರ ರಕ್ತ ತೊಳ್ದಿದೀನಿ. ನಿಮ್ಮ ಸದಸ್ಯರ ಪಟ್ಟೀಲಿ ನನ್ನ ಹೆಸ್ರು ಎಲ್ಲಿದೆ ತೋರ್ಸಿ. ಈ ಊರಲ್ಲಿ ಒಬ್ಬ ಹೆಂಗ್ಸಿನ್ ಹೆಸ್ರಾದ್ರೂ ಬರ್ಕೊಂಡಿದೀರಾ?"

ಹಿಂದೆ ನಿಂತಿದ್ದ ಹೆಂಗಸರಲ್ಲಿ ಯಾರೋ ಒಬ್ಬಳು ನಕ್ಕಳು, ನೋಡಿದರೆ ಮಾಸ್ತರ ಹೆಂಡತಿಯೇ. ಮನೆಗೆ ಬರುವ ದಾರಿಯಲ್ಲಿ ನನ್ನ ಮಾತಿನ ಅರ್ಥ ನನಗೇ ನಿಧಾನವಾಗಿ ಹೊಳೆಯಿತು. ನಿಮ್ಮ ನಿಯಮ ಸದಸ್ಯರಿಗೆ. ನಾನು ಯಾವತ್ತೂ ಸದಸ್ಯಳಲ್ಲ. ಬೇಕೆಂದಿದ್ದರೆ ಪ್ರತಿ ಶನಿವಾರ ನಿನ್ನ ಪಕ್ಕದಲ್ಲಿ ಹಗ್ಗಕ್ಕೆ ಒರಗಿ ರಗ್ಬಿ ನೋಡಬಹುದಿತ್ತು, ಯಾವ ಗಂಡಸೂ ಕೇಳುವಂತಿರಲಿಲ್ಲ.

ನಿನಗೆ ನಿಜ ಗೊತ್ತಿತ್ತು, ನಿನ್ನ ಮಾತು ಸಲ್ಲಲಿಲ್ಲ. ಬಲ್ಲಿನಾರ್ಡಿನ ಇಬ್ಬರಿಗೂ ಗೊತ್ತಿತ್ತು, ಅವರದೂ ಸಲ್ಲುತ್ತಿರಲಿಲ್ಲ. ಆ ಸಭೆಯಲ್ಲಿ ನಿಯಮದ ಪ್ರಕಾರ ಸಲ್ಲುವ ಸಾಕ್ಷಿ ನಾನೊಬ್ಬಳೇ, ತಮ್ಮಾ. ಸುಳ್ಳು ಹೇಳಿದವಳೂ ನಾನೊಬ್ಬಳೇ.

ನಿನ್ನ ಅಕ್ಕ,
ಹನೋರಾ